ಕ್ಲೋರಿನ್: ವರವೂ ಎಚ್ಚರವೂ

ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಪದ್ಧತಿಯು ವಿಜ್ಞಾನವು ಮನುಕುಲಕ್ಕಿತ್ತ ದೊಡ್ಡ ವರಗಳಲ್ಲೊಂದು. 1908ರಲ್ಲಿ ಅಮೆರಿಕದ ಜರ್ಸಿ ನಗರದ ನೀರಿಗೆ ಇದನ್ನು ನಿತ್ಯವೂ ಬೆರೆಸುವ ಏರ್ಪಾಟನ್ನು ಜಾನ್ ಲೀಲ್ ಎಂಬ ವೈದ್ಯರು ಮಾಡಿದರು. ಈ ಪದ್ಧತಿಯು ಹಬ್ಬಿದಂತೆಲ್ಲ ಕಾಲರಾ, ವಿಷಮಶೀತಜ್ವರಗಳ ಹಾವಳಿ ತಗ್ಗುತ್ತ ಬಂದಿತು.

ಆದರೆ ಈ ವರಕ್ಕೂ ಒಂದು ಮಿತಿಯುಂಟು. ಕೊಳೆತ ಎಲೆ, ಪಾಚಿ, ಮಣ್ಣುಗಳಿಂದ ಬಂದ ಸಾವಯವ ಪದಾರ್ಥಗಳು ಕೆರೆ ಹೊಳೆಗಳ ನೀರಿನಲ್ಲಿ ಕರಗಿರುತ್ತವೆ. ಕ್ಲೋರಿನ್ ಇವುಗಳೊಡನೆ ವರ್ತಿಸಿದಾಗ ಕ್ಲೋರೋಫಾರ್ಮ್ ಮೊದಲಾದ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ಈ ಸಂಗತಿಯನ್ನು 1974ರಲ್ಲಿ ಹಾಲೆಂಡಿನ ರಸಾಯನ ವಿಜ್ಞಾನಿ ಯೋಹಾನೆಸ್ ರೂಕ್ ಪ್ರಕಟಿಸಿದರು. ಇಂತಹ ನೀರನ್ನು ದಶಕಗಳ ಕಾಲ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಸಂಭವ ತುಸು ಹೆಚ್ಚಿರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ. 1979ರಲ್ಲಿ ಅಮೆರಿಕವು ಈ ವಸ್ತುಗಳ ಒಟ್ಟು ಪ್ರಮಾಣವು ಲೀಟರಿಗೆ 0.10 ಮಿಲಿಗ್ರಾಮನ್ನು ಮೀರಬಾರದೆಂದು ವಿಧಿಸಿತು. ಬಳಿಕ 1998ರಲ್ಲಿ ಅದನ್ನು 0.08ಕ್ಕೆ ಇಳಿಸಿತು.

ಹಾಗಾದರೆ ಕ್ಲೋರಿನ್ನನ್ನೇ ತ್ಯಜಿಸೋಣವೆ? ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳುವ ಜಾಣತನ ಅದು. ಕಾಲರಾ ರೋಗವು ಚಿಕಿತ್ಸೆ ದೊರೆಯದವನನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಉಪೋತ್ಪನ್ನಗಳ ಅಪಾಯವಾದರೋ ಅಲ್ಪ. ಅದೂ ದೀರ್ಘಕಾಲದ ಮಾತು. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಯಾವುದು ಭಾರವೆಂಬುದು ತಾನಾಗಿಯೇ ತಿಳಿಯುತ್ತದೆ. ಉಪೋತ್ಪನ್ನಗಳ ಭಯದಿಂದ ಸೋಂಕುನಿವಾರಣೆಯನ್ನು ಸಡಿಲಿಸಬಾರದೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಆಗಿದೆ.

ಎಂದಮಾತ್ರಕ್ಕೆ ಕಣ್ಣುಮುಚ್ಚಿ ಕೂರುವುದೂ ಸಲ್ಲದು. ಪರಿಹಾರವು ಕೆಲಸದ ಕ್ರಮದಲ್ಲಿದೆ. ಮೊದಲು ಪಟಿಕವನ್ನು ಬೆರೆಸಿ ಕಲ್ಮಶವನ್ನು ತಳಕ್ಕಿಳಿಸಬೇಕು; ಆಮೇಲೆ ಮರಳಿನ ಮೂಲಕ ಸೋಸಬೇಕು; ಸಾವಯವ ಪದಾರ್ಥವು ಹೀಗೆ ಕಡಿಮೆಯಾದ ಮೇಲೆಯೇ ಕ್ಲೋರಿನ್ ಬೆರೆಸಬೇಕು. ಆಗ ಕಡಿಮೆ ಕ್ಲೋರಿನ್ ಸಾಕು, ಉಪೋತ್ಪನ್ನಗಳೂ ಕಡಿಮೆ. ಬ್ಲೀಚಿಂಗ್ ಪುಡಿಯನ್ನು ಕೈಯಳತೆಯಲ್ಲಿ ತೊಟ್ಟಿಗೆ ಸುರಿಯುವುದು ತರವಲ್ಲ. ಕಡಿಮೆಯಾದರೆ ರೋಗಾಣು ಉಳಿಯುತ್ತದೆ, ಅತಿಯಾದರೆ ಉಪೋತ್ಪನ್ನ ಬೆಳೆಯುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು 2012ರ ಭಾರತೀಯ ಮಾನಕವು ಹೇಳುತ್ತದೆ. ಕೊಳವೆಯ ಹಾದಿಯಲ್ಲಿ ಸೇರಬಹುದಾದ ರೋಗಾಣುಗಳಿಗೆ ಅದೇ ಕಾವಲು. ಅದು ಉಳಿದಿದೆಯೇ ಎಂಬುದನ್ನು ಪರೀಕ್ಷಿಸಿ ತಿಳಿಯಬೇಕೇ ಹೊರತು ಊಹಿಸಬಾರದು.

ಇಷ್ಟಾದರೂ ಹೊಣೆಯೆಲ್ಲ ನೀರು ಶುದ್ಧಿಮಾಡುವವರದೇ ಅಲ್ಲ. ಊರಿನ ಚರಂಡಿಯನ್ನು ಕೆರೆಗೆ ತಿರುಗಿಸಿದರೆ ಪಾಚಿ ಹಬ್ಬುತ್ತದೆ. ಪಾಚಿ ಹಬ್ಬಿದ ನೀರಿಗೆ ಕ್ಲೋರಿನ್ ಹೆಚ್ಚು ಬೇಕಾಗುತ್ತದೆ. ಅದರೊಡನೆ ಉಪೋತ್ಪನ್ನವೂ ಹೆಚ್ಚುತ್ತದೆ. ಆದುದರಿಂದ ಶುದ್ಧಜಲದ ಕಾರ್ಯವು ಕಾರ್ಖಾನೆಯಲ್ಲಲ್ಲ, ಕೆರೆಯ ದಂಡೆಯಲ್ಲಿ ಆರಂಭವಾಗಬೇಕು. ಕೆರೆಯನ್ನು ಕಾಯುವವನೇ ತನ್ನ ಮನೆಯ ಲೋಟವನ್ನೂ ಕಾಯುತ್ತಾನೆ.