ಬೋಳು ಕೋಣೆಯ ಘೇಂಡಾಮೃಗ
2018ರ ಮಾರ್ಚ್‌ನಲ್ಲಿ ಕೀನ್ಯಾದ ಓಲ್ ಪೆಜೆಟಾ ಧಾಮದಲ್ಲಿ ಸೂಡಾನ್ ಎಂಬ ಘೇಂಡಾಮೃಗ ತೀರಿಕೊಂಡಿತು. ಉತ್ತರದ ಬಿಳಿ ಘೇಂಡಾಮೃಗಗಳ ಪೈಕಿ ಅದೇ ಕೊನೆಯ ಗಂಡು. ಮರುವರ್ಷವೇ ಕಲಾವಿದೆ ಅಲೆಕ್ಸಾಂಡ್ರಾ ಡೈಸಿ ಗಿನ್ಸ್‌ಬರ್ಗ್ ‘ದಿ ಸಬ್‌ಸ್ಟಿಟ್ಯೂಟ್’ ಎಂಬ ವಿಡಿಯೊ ಕೃತಿಯಲ್ಲಿ ಅಂಥದೇ ಒಂದು ಗಂಡು ಘೇಂಡಾಮೃಗವನ್ನು ನಿಜಗಾತ್ರದಲ್ಲೇ ಪರದೆಗೆ ತಂದರು. ಮೊದಲು ಕಾಣುವುದು ಬರೀ ಚೌಕಗಳ ಮುದ್ದೆ. ಡೀಪ್‌ಮೈಂಡ್ ಕಂಪನಿಯ ಕೃತಕ ಬುದ್ಧಿಮತ್ತೆ ಪ್ರಯೋಗದಿಂದ ಪಡೆದ ಜಾಡು ಹಿಡಿದು ಅದು ಕೋಣೆಯಲ್ಲಿ ಅಡ್ಡಾಡುತ್ತದೆ. ಅಡ್ಡಾಡಿದಷ್ಟೂ ಚರ್ಮದ ನೆರಿಗೆ, ಕೊಂಬು, ಕಣ್ಣು ಮೂಡುತ್ತವೆ. ಅದರ ಸದ್ದೂ ಕೇಳುತ್ತದೆ. ಸುತ್ತ ಹುಲ್ಲಿಲ್ಲ, ಕೆಸರಿಲ್ಲ, ಜೊತೆಗಾರರಿಲ್ಲ. ಕಲಾವಿದೆಯ ಜಾಣ್ಮೆ (ನಿಷ್ಠುರತೆ ಎಂದರೂ ಸರಿಯೇ) ಇರುವುದು ಈ ಬೋಳುತನದಲ್ಲೇ. ಯಂತ್ರ ಎಷ್ಟೇ ಕಲಿಯಲಿ, ಕಾಡಿಲ್ಲದ ಪ್ರಾಣಿ ಬರೀ ಚಿತ್ರ. ಉತ್ತರದ ಬಿಳಿ ಘೇಂಡಾಮೃಗಗಳ ಪೈಕಿ ಈಗ ಉಳಿದಿರುವುದು ಓಲ್ ಪೆಜೆಟಾದ ನಾಜಿನ್ ಮತ್ತು ಫಾಟು, ತಾಯಿ-ಮಗಳು. ಇಬ್ಬರಿಗೂ ಹಗಲಿರುಳು ಬಂದೂಕಿನ ಕಾವಲು.