ಹಳೆಯ ಮೊಬೈಲು: ಬೆಲೆ ಮತ್ತು ಬಾಳಿಕೆ

ವಸ್ತುವಿನ ಬೆಲೆ ಬೇರೆ, ಅದರ ಬಾಳಿಕೆ ಬೇರೆ. ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ಬಾಳಿಕೆಯನ್ನು ಬಳಸಿದವನು ಮಾತ್ರ ಹೇಳಬಲ್ಲನು. ನಮ್ಮ ಹಿರಿಯರು ಕೊಡೆ, ಗಡಿಯಾರ, ಸೈಕಲ್ಲು, ಹೊಲಿಗೆಯಂತ್ರ ಮುಂತಾದವನ್ನು ಕೊಳ್ಳುವಾಗ ಕೇಳುತ್ತಿದ್ದ ಮೊದಲ ಪ್ರಶ್ನೆ 'ಎಷ್ಟು ವರ್ಷ ಬಾಳೀತು?' ಎಂಬುದಾಗಿತ್ತು. ಇಂದು ಮನೆಮನೆಯನ್ನೂ ಸೇರಿರುವ ಮೊಬೈಲಿನ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ನಾವು ಮರೆತಂತೆ ಕಾಣುತ್ತದೆ. 'ಇದು ಯಾವಾಗ ಬಂದದ್ದು?' ಎಂದು ಕೇಳುತ್ತೇವೆಯೇ ಹೊರತು 'ಇದು ಯಾವ ಕೆಲಸಕ್ಕೆ ಒದಗುತ್ತದೆ?' ಎಂದು ಕೇಳುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಮಾತನ್ನು ನಿಮ್ಮ ಮುಂದೆ ಆಡುವುದಕ್ಕೆ ಕಾರಣವಿದೆ. ನಮ್ಮಂತಹ ಶಾಲೆಗಳಿಗೆ ಬರುವ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿ, ಕಟ್ಟಡದ ಕೆಲಸದಲ್ಲಿ, ಚಿಕ್ಕ ಅಂಗಡಿಗಳಲ್ಲಿ ದುಡಿಯುವವರು. ಊರನ್ನೂ ಹೊಲವನ್ನೂ ಬಿಟ್ಟು ಈ ಮಹಾನಗರಕ್ಕೆ ಬಂದವರು. ನಾವೂ ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಇಲ್ಲಿಗೆ ಬಂದವರಾದುದರಿಂದ ಆ ಮನೆಗಳ ಲೆಕ್ಕ ನಮಗೆ ತಿಳಿಯದುದಲ್ಲ. ಶಾಲೆಗೆ ಮೊಬೈಲು ತರುವುದು ನಿಷಿದ್ಧವೇ ಸರಿ. ಆದರೆ ಮನೆಪಾಠಕ್ಕೆ ಅದು ಬೇಕಾಗಿದೆ. ತನ್ನ ಮನೆಯ ಫೋನು ಹಳೆಯದೆಂದು ಗೆಳೆಯರ ಮುಂದೆ ಅದನ್ನು ತೆಗೆಯಲು ನಾಚುವ ಮಕ್ಕಳನ್ನು ನಾವು ಕಂಡಿದ್ದೇವೆ. ಮಗನ ಹಟಕ್ಕೆ ಸೋತು ಕಂತಿನ ಸಾಲದಲ್ಲಿ ಹೊಸ ಫೋನು ತಂದು, ಮುಂದೆ ಆ ಕಂತಿಗಾಗಿ ರಾತ್ರಿಯ ಪಾಳಿಯನ್ನೂ ಹಿಡಿದ ತಂದೆಯರನ್ನೂ ಕಂಡಿದ್ದೇವೆ. ಹಳೆಯ ಅಗ್ಗದ ಫೋನು ನಾಚಿಕೆಯ ವಸ್ತುವಲ್ಲ, ಸರಿಯಾಗಿ ನೋಡಿಕೊಂಡರೆ ಅದು ಬಡ ವಿದ್ಯಾರ್ಥಿಯ ಆಸ್ತಿ ಎಂಬುದೇ ನಮ್ಮ ಅಭಿಪ್ರಾಯ.

ಬರಿಯ ಉಪದೇಶಕ್ಕಿಂತ ಉದಾಹರಣೆ ಮೇಲು. 2017ರ ಜನವರಿಯಲ್ಲಿ ಶಿಯೋಮಿ ಸಂಸ್ಥೆಯ ರೆಡ್ಮಿ ನೋಟ್ 4 ಎಂಬ ಫೋನು ಭಾರತದ ಪೇಟೆಗೆ ಬಂದಿತು. ಅದರ ಮೂರು ಬಗೆಗಳಿಗೆ ಅಂದಿನ ಬೆಲೆ 9,999, 10,999 ಮತ್ತು 12,999 ರೂಪಾಯಿ. ಐದೂವರೆ ಅಂಗುಲದ ಪರದೆ, 4,100 ಮಿಲಿಆಂಪಿಯರ್-ಅವರ್ ಬ್ಯಾಟರಿ, 13 ಮೆಗಾಪಿಕ್ಸೆಲ್ ಕ್ಯಾಮೆರಾ, ಲೋಹದ ಬೆನ್ನು, ನಾಲ್ಕನೆಯ ತಲೆಮಾರಿನ ಜಾಲಕ್ಕೆ ಹೊಂದುವ ಶಕ್ತಿ ಇವು ಅದರ ಮುಖ್ಯ ಲಕ್ಷಣಗಳು. ಒಳಗಿನ ಸ್ನ್ಯಾಪ್‌ಡ್ರಾಗನ್ 625 ಎಂಬ ಚಿಪ್ಪು 14 ನ್ಯಾನೋಮೀಟರ್ ತಂತ್ರದಿಂದ ತಯಾರಾದುದು. ಕಡಿಮೆ ವಿದ್ಯುತ್ತನ್ನು ನುಂಗಿ, ಕಡಿಮೆ ಕಾವೇರಿ ಕೆಲಸ ಮಾಡುವುದೇ ಅದರ ಗುಣ. ಆಡಂಬರ ಇದರಲ್ಲಿ ಇರಲಿಲ್ಲ. ಆದರೆ ಬೇಕಾದ ಅಂಗಗಳೆಲ್ಲ ಹದವಾಗಿದ್ದವು. ಬಾಳಿಕೆಯ ಗುಟ್ಟು ಇಲ್ಲಿಯೇ ಇದೆ. ಒಂದು ಅಂಗ ಅತಿಯಾಗಿದ್ದು ಇನ್ನೊಂದು ದುರ್ಬಲವಾಗಿರುವ ಯಂತ್ರ ಬೇಗ ಸೋಲುತ್ತದೆ. ಎಲ್ಲ ಅಂಗಗಳೂ ಸಮನಾಗಿರುವ ಯಂತ್ರ ದೀರ್ಘಕಾಲ ನಡೆಯುತ್ತದೆ.

ಅದು ಬಂದ ಕಾಲವೂ ಅನುಕೂಲವಾಗಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ಜಾಲ ಆರಂಭವಾಗಿ, ಅಂತರಜಾಲದ ಖರ್ಚು ಸಾಮಾನ್ಯನ ಕೈಗೆ ನಿಲುಕುವಂತಾಗಿತ್ತು. 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ, ಮೂರು ವರ್ಷ ಹಳೆಯವಾಗಿದ್ದ ಇಂತಹ ಫೋನುಗಳೇ ಎಷ್ಟೋ ಮನೆಗಳಲ್ಲಿ ತರಗತಿಯ ಕೋಣೆಗಳಾದವು. ತಂದೆ ಕೆಲಸದಿಂದ ಮನೆಗೆ ಬರುವವರೆಗೂ ಕಾದು, ಬಂದ ಮೇಲೆ ಅವರ ಫೋನಿನಲ್ಲಿ ನಾವು ಕಳುಹಿಸಿದ ಪಾಠವನ್ನು ನೋಡಿ, ಉತ್ತರ ಬರೆದ ಹಾಳೆಯ ಚಿತ್ರ ತೆಗೆದು ಕಳುಹಿಸುತ್ತಿದ್ದ ಮಕ್ಕಳು ನಮ್ಮಲ್ಲಿ ಅನೇಕರಿದ್ದರು. ಆ ಚಿತ್ರಗಳಲ್ಲಿ ಅಕ್ಷರ ಸ್ಪಷ್ಟವಾಗಿತ್ತೇ, ಲೆಕ್ಕ ಸರಿಯಾಗಿತ್ತೇ ಎಂಬುದನ್ನಷ್ಟೇ ನಾವು ನೋಡಿದೆವು. ಯಾವ ವರ್ಷದ ಫೋನಿನಿಂದ ಬಂದಿತೆಂದು ಯಾರೂ ಕೇಳಲಿಲ್ಲ.

ಈಗ ಸ್ವಲ್ಪ ಗಣಿತ. 10,999 ರೂಪಾಯಿಗೆ 2017ರಲ್ಲಿ ಕೊಂಡ ಫೋನು 2025ರವರೆಗೆ, ಅಂದರೆ 8 ವರ್ಷ ಅಥವಾ 96 ತಿಂಗಳು ನಡೆಯಿತೆನ್ನಿ. ನಡುವೆ ಬ್ಯಾಟರಿಗೂ ದುರಸ್ತಿಗೂ 3,000 ರೂಪಾಯಿ ಖರ್ಚಾಯಿತೆಂದು ಹಿಡಿಯಿರಿ. ಒಟ್ಟು 13,999 ರೂಪಾಯಿ; ತಿಂಗಳಿಗೆ ಸುಮಾರು 146 ರೂಪಾಯಿ. ಅದರ ಬದಲು ಎರಡು ವರ್ಷಕ್ಕೊಮ್ಮೆ 15,000 ರೂಪಾಯಿಯ ಹೊಸ ಫೋನು ಕೊಂಡರೆ ಅದೇ ಅವಧಿಯಲ್ಲಿ 60,000 ರೂಪಾಯಿ. ತಿಂಗಳಿಗೆ 625 ರೂಪಾಯಿ. ಹಳೆಯದನ್ನು ಮಾರಿ ಬಂದ ಹಣವನ್ನು ಕಳೆದರೂ, ಸಾಲದ ಬಡ್ಡಿಯನ್ನು ಕೂಡಿಸದಿದ್ದರೂ ಅಂತರ ಸಣ್ಣದಲ್ಲ. ಆ ಹಣದಲ್ಲಿ ಎಷ್ಟು ಪುಸ್ತಕಗಳು, ಎಷ್ಟು ಪರೀಕ್ಷೆಯ ಶುಲ್ಕಗಳು, ಊರಿಗೆ ಹೋಗಿಬರುವ ಎಷ್ಟು ರೈಲು ಚೀಟಿಗಳು ಅಡಗಿವೆ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ವಿದ್ಯಾಭ್ಯಾಸಕ್ಕೆ ಇಂತಹ ಫೋನು ಸಾಲದೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಅದಕ್ಕೆ ಮೊದಲು ಅನೇಕ ಫೋನುಗಳಲ್ಲಿ ಕನ್ನಡದ ಅಕ್ಷರಗಳಿರಬೇಕಾದಲ್ಲಿ ಬರಿಯ ಚೌಕಗಳು ಕಾಣುತ್ತಿದ್ದವು. ಅನಂತರದ ಅಗ್ಗದ ಫೋನು ಕೂಡ ನಮ್ಮ ಒತ್ತಕ್ಷರಗಳನ್ನು ತಪ್ಪಿಲ್ಲದೆ ತೋರಿಸಬಲ್ಲದು. 2017ರ ಆಗಸ್ಟ್ ತಿಂಗಳಲ್ಲಿ ಗೂಗಲ್ ಸಂಸ್ಥೆ ಕನ್ನಡದ ಮಾತನ್ನು ಕೇಳಿ ಬರೆಯುವ ಸೌಲಭ್ಯವನ್ನೂ ನೀಡಿತು. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇರಿಸಿದೆ. ಒಂದು ತರಗತಿಯ ಎಲ್ಲ ಪುಸ್ತಕಗಳೂ ಕೂಡಿ 32 ಗಿಗಾಬೈಟ್ ಸಂಗ್ರಹದ ಒಂದು ಮೂಲೆಯನ್ನಷ್ಟೇ ತುಂಬುತ್ತವೆ. 2019ರಲ್ಲಿ ಎಲ್ಲರಿಗೂ ಮುಕ್ತವಾದ, ಶ್ರೀ ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆಯುವುದಕ್ಕೂ ಹೊಸ ಫೋನು ಬೇಕಿಲ್ಲ. ಸುತ್ತಲೂ ಬೇರೆ ಭಾಷೆಗಳೇ ಕೇಳಿಬರುವ ಈ ನಗರದಲ್ಲಿ, ಕನ್ನಡ ಪುಸ್ತಕದ ಅಂಗಡಿಯನ್ನು ಹುಡುಕಿ ಹೋಗಬೇಕಾದ ಮಗುವಿನ ಕೈಯಲ್ಲಿ ಇಷ್ಟು ಸಂಪತ್ತು ಇರುವುದು ಅಲ್ಪವೇ? ಒಂದೇ ಕೋಣೆಯ ಮನೆಯಲ್ಲಿ ಇಬ್ಬರು ಓದುವಾಗ, ಅಗ್ಗದ ತಂತಿಯ ಇಯರ್‌ಫೋನನ್ನು ಸಿಕ್ಕಿಸುವ ತೂತು ಈ ಹಳೆಯ ಫೋನಿನಲ್ಲಿ ಇರುವುದೂ ಒಂದು ಉಪಕಾರವೇ.

ಆದರೆ ಹಳೆಯದೆಲ್ಲ ಒಳ್ಳೆಯದೆಂಬ ವಾದ ನಮ್ಮದಲ್ಲ. ಮೂರನೆಯ ತಲೆಮಾರಿನ ಜಾಲವನ್ನಷ್ಟೇ ಬಲ್ಲ ಫೋನುಗಳು, ಖಾಸಗಿ ಸಂಸ್ಥೆಗಳು ಆ ಜಾಲವನ್ನು ನಿಲ್ಲಿಸುತ್ತ ಬಂದಂತೆ ಅಂತರಜಾಲಕ್ಕೆ ನಿರುಪಯೋಗಿಯಾದವು. 2025ರ ಆರಂಭದಲ್ಲಿ ವಾಟ್ಸಾಪು ಆಂಡ್ರಾಯ್ಡ್ 4.4ರ ಫೋನುಗಳನ್ನು ಕೈಬಿಟ್ಟಿತು. ನಾವು ಹೇಳಿದ ರೆಡ್ಮಿ ನೋಟ್ 4ಕ್ಕೂ ತಯಾರಕರಿಂದ ಆಂಡ್ರಾಯ್ಡ್ 7ರ ಮುಂದಿನ ಆವೃತ್ತಿ ದೊರೆಯಲಿಲ್ಲ. ಆವೃತ್ತಿ ನಿಂತ ಫೋನಿನಲ್ಲಿ ಹೊಸದಾಗಿ ಕಂಡುಬಂದ ದೋಷಗಳಿಗೆ ತೇಪೆ ಬೀಳುವುದಿಲ್ಲ. ಕಳ್ಳನಿಗೆ ಒಂದು ಕಿಟಕಿ ತೆರೆದಿಟ್ಟಂತೆಯೇ. ಆದುದರಿಂದ ತಂದೆಯ ಬ್ಯಾಂಕಿನ ವ್ಯವಹಾರ, ಹಣ ಕಳುಹಿಸುವ ಕೆಲಸ ಇವನ್ನು ಅಂತಹ ಫೋನಿನಲ್ಲಿ ಇಡಬಾರದು. ಸಿಕ್ಕ ಸಿಕ್ಕ ಕಡೆಯಿಂದ ಆಟಗಳನ್ನು ಇಳಿಸಿಕೊಳ್ಳಲೂ ಬಾರದು. ಓದು, ನಿಘಂಟು, ಪಾಠದ ಚಿತ್ರ, ಮಾತುಕತೆ ಇಷ್ಟಕ್ಕೆ ಅದನ್ನು ಮೀಸಲಿಟ್ಟರೆ ಅಪಾಯ ಕಡಿಮೆ. ಎತ್ತು ಮುದಿಯಾದ ಮೇಲೆ ಭಾರದ ಬಂಡಿಗೆ ಕಟ್ಟುವುದಿಲ್ಲ. ಹಾಗೆಂದು ಅದಕ್ಕೆ ಮಾಡುವ ಕೆಲಸವೇ ಇಲ್ಲವೆಂದೂ ಅಲ್ಲ.

ಇನ್ನು ಫೋನು ಸಾಯುವುದಕ್ಕೆ ಸಾಮಾನ್ಯವಾದ ಕಾರಣವನ್ನು ತಿಳಿಯಬೇಕು. ಹೆಚ್ಚಾಗಿ ಸೋಲುವುದು ಯಂತ್ರವಲ್ಲ, ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ರೂಪಿಸಿದ ಮೂವರು ವಿಜ್ಞಾನಿಗಳಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಈ ಬ್ಯಾಟರಿಯನ್ನು ಕೆಲವು ನೂರು ಸಲ ಪೂರ್ತಿಯಾಗಿ ತುಂಬಿ ಬರಿದು ಮಾಡಿದ ಮೇಲೆ ಅದರ ಧಾರಣಶಕ್ತಿ ಸ್ವಾಭಾವಿಕವಾಗಿ ಕುಗ್ಗುತ್ತದೆ. ಕಾವಿನಲ್ಲಿ ಇನ್ನೂ ಬೇಗ ಕುಗ್ಗುತ್ತದೆ. ದಿಂಬಿನ ಕೆಳಗೆ ಇಟ್ಟು ಚಾರ್ಜು ಮಾಡುವುದು, ಬಿಸಿಲಿಗೆ ಬಿಡುವುದು ತಪ್ಪು. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸದೆ ಬಲ್ಲವರಿಂದ ಬದಲಾಯಿಸಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದ ಹಿಡಿದು ನಮ್ಮ ಕೇರಿಗಳ ಚಿಕ್ಕ ಅಂಗಡಿಗಳವರೆಗೆ ಈ ವಿದ್ಯೆಯನ್ನು ಬಲ್ಲ ಕುಶಲಿಗಳು ಇದ್ದಾರೆ. ಸತ್ತಿತೆಂದು ಮೂಲೆಗೆ ಎಸೆದ ಫೋನು ಅವರ ಕೈಯಲ್ಲಿ ಒಂದು ಗಂಟೆಯಲ್ಲಿ ಎದ್ದು ಕೂಡುವುದನ್ನು ನೋಡಿದರೆ, ದುರಸ್ತಿಯೂ ಒಂದು ಗೌರವದ ವಿದ್ಯೆಯೆಂಬುದು ಮನಸ್ಸಿಗೆ ಬರುತ್ತದೆ. ನಿಮ್ಮಲ್ಲಿ ಕೆಲವರು ಆ ವಿದ್ಯೆಯನ್ನು ಕಲಿತರೆ ನಮಗೆ ಸಂತೋಷವೇ.

ಬಳಸಿದ ಫೋನನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಫೋನಿನಲ್ಲಿ *#06# ಎಂದು ಒತ್ತಿದರೆ 15 ಅಂಕೆಗಳ ಗುರುತಿನ ಸಂಖ್ಯೆ ಕಾಣುತ್ತದೆ. ಕೇಂದ್ರ ಸರಕಾರವು 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ಸಂಖ್ಯೆಯನ್ನು ಪರೀಕ್ಷಿಸಿ, ಕದ್ದ ಮಾಲಲ್ಲವೆಂದು ಖಚಿತವಾದ ಮೇಲೆಯೇ ಹಣ ಕೊಡಬೇಕು. ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಬ್ಬರ ಕಣ್ಣೀರನ್ನು ಮನೆಗೆ ತರಬಾರದು.

ಬಾಳಿಕೆಯ ಪ್ರಶ್ನೆ ನಮ್ಮ ಜೇಬಿಗೆ ಮಾತ್ರ ಸೇರಿದುದಲ್ಲ, ಭೂಮಿಗೂ ಸೇರಿದುದು. ಒಂದು ಫೋನು ತನ್ನ ಜೀವಮಾನದಲ್ಲಿ ಹೊರಿಸುವ ಇಂಗಾಲದ ಹೊರೆಯ ಬಹುಪಾಲು ಅದನ್ನು ನಾವು ಬಳಸುವಾಗಿನದಲ್ಲ, ಅದು ತಯಾರಾಗುವಾಗಿನದು. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಮಕ್ಕಳೂ ಗಣಿಗಳಲ್ಲಿ ದುಡಿಯುತ್ತಿರುವುದು ಜಗತ್ತಿಗೆ ತಿಳಿದ ವಿಷಯ. ಫೋನಿನೊಳಗೆ ತಾಮ್ರವಿದೆ, ಅತ್ಯಲ್ಪ ಪ್ರಮಾಣದ ಚಿನ್ನವೂ ಇದೆ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಗಣಿಯಲ್ಲಿ ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಆಳಕ್ಕಿಳಿದು ಅದನ್ನು ತೆಗೆದವರ ಬೆವರನ್ನು ನೆನೆದರೆ, ಚಿನ್ನವಿರುವ ವಸ್ತುವನ್ನು ಕಸದ ಬುಟ್ಟಿಗೆ ಹಾಕಲು ಕೈ ಬರಲಾರದು. ಪೂರ್ತಿ ಕೆಟ್ಟ ಫೋನನ್ನು ಅಧಿಕೃತ ಸಂಗ್ರಾಹಕರಿಗೇ ಒಪ್ಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಹೊಣೆ ಬಳಸುವವನದು ಮಾತ್ರವೇ ಎಂದು ಯಾರಾದರೂ ಕೇಳಿದರೆ, ಅಲ್ಲವೆಂದೇ ನಮ್ಮ ಉತ್ತರ. ಗಟ್ಟಿಯಾದ ಯಂತ್ರವನ್ನು ಮಾರಿ, ಕೆಲವೇ ವರ್ಷಗಳಲ್ಲಿ ಅದರ ತಂತ್ರಾಂಶದ ಕೈಬಿಡುವುದು ನ್ಯಾಯವಲ್ಲ. ಯುರೋಪಿನ ಒಕ್ಕೂಟವು 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ತಂತ್ರಾಂಶವನ್ನೂ 7 ವರ್ಷ ಬಿಡಿಭಾಗಗಳನ್ನೂ ಒದಗಿಸಬೇಕೆಂದು ಕಟ್ಟಳೆ ಮಾಡಿದೆ. ನಮ್ಮ ದೇಶದಲ್ಲಿ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಸರಕಾರವು ಒಂದು ಜಾಲತಾಣವನ್ನು ತೆರೆದಿದೆ. ಅದು ಕಾನೂನಿನ ಬಲವನ್ನು ಪಡೆಯಬೇಕೆಂಬುದು ನಮ್ಮ ಬಯಕೆ. ಹೊಸ ಫೋನು ಕೊಳ್ಳಲೇಬೇಕಾದವರು ಕ್ಯಾಮೆರಾದ ಲೆಕ್ಕವನ್ನು ಕೇಳುವ ಮೊದಲು 'ಎಷ್ಟು ವರ್ಷ ತಂತ್ರಾಂಶ ಕೊಡುತ್ತೀರಿ?' ಎಂದು ಕೇಳಲಿ. 2024ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ತನ್ನ ಸಾಧಾರಣ ಬೆಲೆಯ ಗ್ಯಾಲಕ್ಸಿ ಎ16 ಫೋನಿಗೆ 6 ವರ್ಷಗಳ ಭರವಸೆ ಕೊಟ್ಟಿತು. ಕೇಳುವವರು ಹೆಚ್ಚಿದರೆ ಕೊಡುವವರೂ ಹೆಚ್ಚುತ್ತಾರೆ.

ಕಡೆಯದಾಗಿ ಒಂದು ಸೂಚನೆ. ಒಂದೇ ಫೋನಿರುವ ಮನೆಯಲ್ಲಿ ಅದು ಮೊದಲು ತಂದೆಗೆ, ಅನಂತರ ಮಗನಿಗೆ. ಮಗಳ ಸರದಿ ಬರುವ ವೇಳೆಗೆ ದೀಪ ಆರಿಸುವ ಹೊತ್ತಾಗಿರುತ್ತದೆ. ಅದೇ ನಗರದಲ್ಲಿ ಎಷ್ಟೋ ಕನ್ನಡಿಗರ ಮನೆಯ ಕಪಾಟುಗಳಲ್ಲಿ ಕೆಲಸಕ್ಕೆ ಬರುವ ಹಳೆಯ ಫೋನುಗಳು ಸುಮ್ಮನೆ ಮಲಗಿವೆ. ಹಳೆಯ ವಿದ್ಯಾರ್ಥಿಗಳಿಂದಲೂ ಕನ್ನಡ ಸಂಘಗಳ ಸದಸ್ಯರಿಂದಲೂ ಅವನ್ನು ಕೇಳಿ ಪಡೆದು, ಹಿಂದಿನ ಮಾಲಿಕರ ವಿವರಗಳನ್ನೆಲ್ಲ ಅಳಿಸಿ, ಹೊಸ ಬ್ಯಾಟರಿ ಹಾಕಿಸಿ, ಪಠ್ಯಪುಸ್ತಕಗಳನ್ನು ತುಂಬಿ, ಗ್ರಂಥಾಲಯದ ಪುಸ್ತಕದಂತೆ ವರ್ಷಕ್ಕೊಮ್ಮೆ ಎರವಲು ಕೊಡುವ ವ್ಯವಸ್ಥೆಯನ್ನು ನಮ್ಮ ಶಾಲೆಗಳು ಏಕೆ ಮಾಡಬಾರದು? ಮೊದಲ ಸರದಿ ಮನೆಯಲ್ಲಿ ಫೋನು ಕೈಗೆ ಸಿಗದ ಹೆಣ್ಣುಮಕ್ಕಳದಾಗಲಿ. ಹೊಸ ಫೋನುಗಳಿಗಾಗಿ ದಾನಿಗಳನ್ನು ಕಾಯುವುದಕ್ಕಿಂತ ಇದು ಸುಲಭ, ಶೀಘ್ರ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ನಮ್ಮವರು ಹೇಳಿದ್ದು ಬಡವನನ್ನು ಕುಗ್ಗಿಸುವುದಕ್ಕಲ್ಲ, ಅವನ ನಿದ್ದೆ ಕೆಡದಿರಲೆಂದು. ಮನೆಯಲ್ಲಿರುವ ಹಳೆಯ ಫೋನನ್ನು ಧೂಳು ಒರೆಸಿ, ಬೇಡವಾದುದನ್ನು ಅಳಿಸಿ, ನಾಳೆಯ ಪಾಠವನ್ನು ಅದರಲ್ಲಿ ತೆರೆಯಿರಿ. ಪರೀಕ್ಷೆಯ ಹಾಳೆಯ ಮೇಲೆ ಬೀಳುವುದು ನೀವು ಓದಿದ್ದಕ್ಕೆ ಸಿಕ್ಕುವ ಅಂಕ. ಫೋನಿನ ವಯಸ್ಸನ್ನು ಅಲ್ಲಿ ಯಾರೂ ಬರೆಯುವುದಿಲ್ಲ.