ಕಿವಿಗೆ ಚುಚ್ಚುವ ‘ಸ’ಕಾರ

ಕೆಂಕೆರೆಯ ತೋಟದ ಮನೆಯಲ್ಲಿ ನಮ್ಮ ಸೋದರಮಾವನವರು ಒಂಟಿ. ಸಂಜೆಗೆ ಸಂಗೀತವೊಂದೇ ಜೊತೆ. ಆದರೆ ಇಯರ್‌ಫೋನಿನಲ್ಲಿ ಗಾಯಕಿ ‘ಸ’ ಎಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಗಿ, ಅದನ್ನು ಗೂಡಿಗೆ ಸೇರಿಸಿಬಿಟ್ಟಿದ್ದರು.

ಹೊಸದನ್ನು ಕೊಳ್ಳಬೇಕಾಗಲಿಲ್ಲ, ವಾಚಕರೇ! ತುದಿಯ ರಬ್ಬರ್ ಟೊಪ್ಪಿಗೆಯನ್ನು ಕಳಚಿ ಫೋಮಿನದನ್ನು ತೊಡಿಸಿದೆ. ಸಕಾರದ ಸದ್ದು ಬಹುಮಟ್ಟಿಗೆ 5,000 ಹರ್ಟ್ಸ್‌ಗೆ ಮೇಲ್ಪಟ್ಟದ್ದು. ಫೋಮಿನ ಸೂಕ್ಷ್ಮ ರಂಧ್ರಗಳಲ್ಲಿ ಅದು ಅಷ್ಟಿಷ್ಟು ಸವೆಯುತ್ತದೆ. ಕಿವಿಯನ್ನು ಬಿಗಿಯಾಗಿ ತುಂಬುವುದರಿಂದ ಮೃದಂಗದ ಮಂದ್ರನಾದವೂ ಸೋರಿಹೋಗದು. ಫೋಮು ಗುಗ್ಗೆ ಹಿಡಿದು ಗಡುಸಾದರೆ ಬದಲಿಸಬೇಕು, ಅಷ್ಟೆ.

ತೆಂಗಿನ ನಾರಿಗೂ ಸದ್ದು ಹೀರುವ ಗುಣವುಂಟೆಂದೆ. ಮಾವನವರು ಮಟ್ಟೆಯ ರಾಶಿಯತ್ತ ನೋಡಿದರು, ಕೈಮುಗಿದು ತಡೆದೆ!

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಮಾವನವರೀಗ ಊಟಕ್ಕೆ ಕರೆದರೂ ಓಗೊಡುವುದಿಲ್ಲ.